ಡ್ರೋನ್ ಸುಟ್ಟಿತೆಂಬ ಬಣವೆ

ಮೊನ್ನೆ ಗುಡಗೇರಿಯ ಸಂತೆಯಲ್ಲಿ ಬದನೆಕಾಯಿ ತೆಗೆದುಕೊಂಡು ಬಳೆ ಅಂಗಡಿಗಳ ಸಾಲು ದಾಟುತ್ತಿದ್ದೆ. ಒಬ್ಬ ಹುಡುಗಿ ಉಗುರಿಗೆ ಹಚ್ಚುವ ಬಣ್ಣದ ಸೀಸೆಯ ಮುಚ್ಚಳ ತೆಗೆದು ಕಿರುಬೆರಳಿಗೆ ಹಚ್ಚಿ ನೋಡುತ್ತಿದ್ದಳು. ಆ ಸಿಹಿ ಘಾಟು ಮೂಗಿಗೆ ಬಂದದ್ದೇ ತಡ, ನನ್ನ ಕಾಲು ಅಲ್ಲೇ ನಿಂತವು. ಹಿಂದಿದ್ದವನು "ನಡೀರಿ ಕಾಕಾ, ಬಳಿ ಇಟ್ಕೋತೀರೇನು?" ಎಂದು ಚೇಷ್ಟೆ ಮಾಡಿದ. ಜನ ನಕ್ಕರು, ನಾನೂ ನಕ್ಕೆ. ಈ ವಾಸನೆ ನನಗೆ ಬಳೆ ಅಂಗಡಿಯದಲ್ಲ, ಬೀಗ ಹಾಕಿ ಕೆಡಿಸಿದ ಒಂದು ಕೋಣೆಯದು ಎಂದು ಸಂತೆಯಲ್ಲಿ ನಿಂತು ಯಾರಿಗೆ ಹೇಳಲಿ?

ನಾನು ಪೇಪರ್ ಹಾಕುವವನು. ಹುಬ್ಬಳ್ಳಿಯಿಂದ ಬರುವ ಮೊದಲ ಬಸ್ಸು ಸ್ಟ್ಯಾಂಡಿನಲ್ಲಿ ಕಟ್ಟು ಒಗೆದು ಹೋಗುತ್ತದೆ. ಅದನ್ನು ಬಿಚ್ಚಿ ಸೈಕಲ್ಲಿಗೆ ಹೇರಿಕೊಂಡು ಮನೆಮನೆಗೆ ಮುಟ್ಟಿಸುವುದು ಅಪ್ಪನಿಂದ ನನಗೆ ಬಂದ ಕೆಲಸ. ಅಪ್ಪನ ಕಾಲದಲ್ಲಿ ನಮ್ಮ ಕೇರಿಯವರು ಕೆಲವು ಮನೆಗಳ ಕಟ್ಟೆ ಹತ್ತುವಂತಿರಲಿಲ್ಲ. ಅದಕ್ಕೆ ಆತ ಬೀದಿಯಲ್ಲಿ ನಿಂತೇ ಪೇಪರನ್ನು ಸುರುಳಿ ಮಾಡಿ ಹೊಸ್ತಿಲಿಗೆ ಗುರಿಯಿಟ್ಟು ಒಗೆಯುವುದನ್ನು ಕಲಿತಿದ್ದ. ಕಟ್ಟೆ ಹತ್ತಬೇಡ ಎನ್ನುವವರು ಈಗ ಯಾರೂ ಇಲ್ಲ. ಆದರೆ ಆ ಗುರಿ ನನ್ನ ಕೈಯಲ್ಲಿ ಉಳಿದುಬಿಟ್ಟಿದೆ, ಇವತ್ತಿಗೂ ತಪ್ಪುವುದಿಲ್ಲ.

ನನ್ನ ಹೆಂಡತಿ ಕಸ್ತೂರಿ ಪಿಯುಸಿ ಓದಿದವಳು, ಊರಿನ ಮಹಿಳಾ ಸಂಘದಲ್ಲಿದ್ದಳು. ಎರಡು ವರ್ಷದ ಹಿಂದೆ ಸಂಘಕ್ಕೆ ಬೆಳೆಗೆ ಔಷಧ ಹೊಡೆಯುವ ಡ್ರೋನ್ ಬಂತು. ಅದನ್ನು ಹಾರಿಸಲು ಕಲಿಯಬೇಕಾದರೆ ದೂರದ ಊರಿಗೆ ಹೋಗಿ ಇರಬೇಕಿತ್ತು. ಉಳಿದ ಹೆಂಗಸರನ್ನು ಮನೆಯಲ್ಲಿ ಬಿಡಲಿಲ್ಲ, ನಾನು ಬಿಟ್ಟೆ. ಬಿಟ್ಟೆ ಎಂದು ದೊಡ್ಡಸ್ತಿಕೆಯಿಂದ ಹೇಳುತ್ತೇನೆ, ಆಕೆ ನನ್ನನ್ನು ಕೇಳಿರಲೇ ಇಲ್ಲ. ಪರೀಕ್ಷೆ ಪಾಸಾಗಿ ಕೊರಳಲ್ಲಿ ಪೈಲಟ್ ಎಂಬ ಕಾರ್ಡು ಹಾಕಿಕೊಂಡು ಬಂದವಳು ಬಸ್ಸಿನಿಂದ ಇಳಿದಾಗ ಆಕೆಯ ಚೀಲವನ್ನು ನಾನೇ ಹೆಗಲಿಗೆ ಹಾಕಿಕೊಂಡೆ. ಹೆಮ್ಮೆ ಪಟ್ಟೆ, ಅದನ್ನು ಹೇಳಲು ನಾಚಿಕೆಯೇನಿಲ್ಲ.

ಬಂದ ದಿನವೇ ಬ್ಯಾಟರಿಗಳ ಬಗ್ಗೆ ನನಗೆ ಪಾಠ ಹೇಳಿದಳು. ಒಂದೊಂದೂ ಇಟ್ಟಂಗಿಯಷ್ಟು ದಪ್ಪ, ಅದಕ್ಕಿಂತ ಭಾರ. "ಇವು ಎಮ್ಮಿ ಇದ್ದಂಗ ನೋಡ್ರಿ. ಕೆಲಸ ಇಲ್ಲದಾಗ ಹೊಟ್ಟಿ ಬಿರಿಯೂ ಹಂಗ ಮೇಯಿಸಿ ಕಟ್ಟಬಾರದು, ಉಪವಾಸನೂ ಕೆಡವಬಾರದು. ಅರ್ಧ ಹೊಟ್ಟಿ ತುಂಬಿಸಿ ತಂಪಿನ್ಯಾಗ ಇಟ್ಟು ಆಗಾಗ ನೋಡ್ಕೋತ ಇರಬೇಕು. ಮರತ ಬಿಟ್ರ ಉಬ್ಬತಾವು. ಉಬ್ಬಿದ್ವು ಅಂದ್ರ ಆವಾಗ ಅಂಜಬೇಕು."

"ಎಮ್ಮಿನ ಚಲೋ ಇತ್ತಲ್ಲ, ಹಾಲರೆ ಕೊಡ್ತಿತ್ತು" ಎಂದೆ.

"ನಗಬ್ಯಾಡ್ರಿ. ವಿಮಾನದಾಗ ಸಣ್ಣ ಪವರ್ ಬ್ಯಾಂಕ್ ಇದ್ರ ಅದನ್ನ ದೊಡ್ಡ ಬ್ಯಾಗಿನಾಗ ತುಂಬಿ ಕೊಡಾಕ ಬರೂದಿಲ್ಲಂತ. ಕೈಚೀಲದಾಗ ಇಟ್ಕೊಂಡು ಕುಂದರಬೇಕಂತ. ಯಾಕ ಹೇಳ್ರಿ? ಕೈಯಾಗಿದ್ರ ಕಣ್ಣಿಗಿ ಕಾಣತೈತಿ. ಹೊಗಿ ಬಂದ್ರ ಅಲ್ಲೇ ಆರಿಸಬಹುದು." ಬೇರೆ ಮಾತೆಲ್ಲ ಮರೆತರೂ ಕೈಯಲ್ಲಿದ್ದರೆ ಕಣ್ಣಿಗೆ ಕಾಣುತ್ತದೆ ಎಂಬ ಆ ಮಾತು ನನ್ನಲ್ಲಿ ಉಳಿಯಿತು.

ಆ ವರ್ಷದ ಮುಂಗಾರು ಚೆನ್ನಾಗಿ ಹಿಡಿಯಿತು. ಎರೆ ಭೂಮಿ ನೆನೆದರೆ ಗೊತ್ತಲ್ಲ, ಹೊಲಕ್ಕೆ ಕಾಲಿಟ್ಟವನ ಚಪ್ಪಲಿ ಅಲ್ಲೇ, ಕಾಲು ಮಾತ್ರ ಹೊರಗೆ. ಹೆಸರುಕಾಳಿನ ಬೆಳೆ ಮೊಣಕಾಲುದ್ದ ಎದ್ದು ಹೂವಿಗೆ ಬಂದಿತ್ತು, ಹುಳವೂ ಬಿದ್ದಿತ್ತು, ಬೆನ್ನಿಗೆ ಪಂಪು ಹೊತ್ತ ಆಳುಗಳು ಕೆಸರಿನಲ್ಲಿ ಇಳಿಯಲು ಒಲ್ಲೆ ಎನ್ನುತ್ತಿದ್ದರು. ಅಂಥ ಹೊತ್ತಿಗೆ ಕಸ್ತೂರಿಯ ಡ್ರೋನ್ ಬದುವಿನ ಮೇಲಿಂದ ಎದ್ದು ಬೆಳೆಯ ಮೇಲೆ ತೇಲಿ ಹೋಗುತ್ತಿತ್ತು. ಸಂಶಿಯಿಂದ, ಅದರ ಆಚೆಯ ಹಳ್ಳಿಗಳಿಂದಲೂ ಫೋನು ಬರತೊಡಗಿದವು. ನಾನು ಪೇಪರ್ ಹಾಕಿ ಮುಗಿಸಿ ಆಕೆಯ ಜೊತೆ ಬಾಡಿಗೆಯ ಟಂಟಂ ಆಟೋದಲ್ಲಿ ಹೋಗಿ ನೀರು ತುಂಬಿಕೊಡುತ್ತಿದ್ದೆ. ಹಿಂದೆ ಇದೇ ಹೊಲಗಳಿಗೆ ಆಕೆ ಕಳೆ ತೆಗೆಯಲು ಹೋದಾಗ "ಏ ಕಸ್ತೂರಿ" ಎನ್ನುತ್ತಿದ್ದವರು ಈಗ "ಕಸ್ತೂರವ್ವಾರ, ನಮ್ದು ಯಾವಾಗ್ರಿ?" ಎನ್ನುತ್ತಿದ್ದರು. ಆ ಒಂದು 'ರಿ' ಸಲುವಾಗಿ ಆಕೆ ಎಷ್ಟು ಕೆಸರಿನಲ್ಲಿ ಬೇಕಾದರೂ ನಡೆಯುತ್ತಿದ್ದಳು.

ಊರ ಗೌಡರ ಹೊಲಕ್ಕೆ ಹೋದ ದಿನ ಗೌಡರು ಹುಬ್ಬಳ್ಳಿಗೆ ಹೋಗಿದ್ದರು. ಅವರ ತಾಯಿ ನೀಲವ್ವ, ಎಂಬತ್ತು ದಾಟಿದ ಮುದುಕಿ, ಸೊಸೆಯನ್ನು ಕರೆದುಕೊಂಡು ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಬಂದಿದ್ದಳು. ಹೊಸ ಸಾಧನ ಹೊಲಕ್ಕೆ ಬಂದರೆ ಪೂಜೆ ಮಾಡದೆ ಹೂಡುವುದುಂಟೆ? ನೇಗಿಲಿರಲಿ, ಕೂರಿಗೆಯಿರಲಿ, ಟ್ರ್ಯಾಕ್ಟರಿರಲಿ, ಮೊದಲ ದಿನ ಕುಂಕುಮ, ಕಾಯಿ, ಊದಿನಕಡ್ಡಿ ಆಗಲೇಬೇಕು. ಮುದುಕಿ ಡ್ರೋನಿನ ನಾಲ್ಕೂ ಕೈಗೆ ಅರಿಶಿನ ಕುಂಕುಮ ಹಚ್ಚಿದಳು. ಆಮೇಲೆ ಕಸ್ತೂರಿಯನ್ನು ಕರೆದು ನಿಲ್ಲಿಸಿ, ಖಣ, ಅಕ್ಕಿ, ಕಾಯಿ ಹಾಕಿ ಉಡಿ ತುಂಬಿದಳು. ನಮ್ಮ ಕೇರಿಯ ಹೆಣ್ಣುಮಗಳಿಗೆ ಗೌಡರ ಮನೆಯವರು ಉಡಿ ತುಂಬಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಆಕಾಶದಾಗ ಆಡೂ ಮಗಳವ್ವಾ ನೀ" ಎಂದು ಮುದುಕಿ ಆಕೆಯ ಗಲ್ಲ ಸವರಿದಳು. ಕಸ್ತೂರಿಯ ಕಣ್ಣು ತುಂಬಿದವು, ನಾನು ನೀರಿನ ಕೊಡ ಎತ್ತುವ ನೆವ ಮಾಡಿ ಮುಖ ತಿರುಗಿಸಿದೆ.

ಇನ್ನು ಊದಿನಕಡ್ಡಿ ಎಲ್ಲಿ ಚುಚ್ಚುವುದು? ನೆಲವೆಲ್ಲ ಕೆಸರು, ಬೀಸು ಗಾಳಿ ಬೇರೆ. ಬಾಜುವಿನಲ್ಲೇ ಜೋಳದ ಒಣ ದಂಟಿನ, ಅಂದರೆ ಕಣಕಿಯ ದೊಡ್ಡ ಬಣವೆ, ಮಳೆಗೆಂದು ತಾಡಪತ್ರಿ ಹೊದಿಸಿದ್ದು. ನೀಲವ್ವ ತಾಡಪತ್ರಿಯ ಅಂಚು ಎತ್ತಿ, ಗಾಳಿ ತಾಗದ ಮರೆಯಲ್ಲಿ, ಒಣ ಕಣಕಿಯ ಸಂದಿಗೆ ಕಡ್ಡಿಗಳನ್ನು ಸಿಗಿಸಿದಳು. ನಾವು ಆಗಲೇ ಬ್ಯಾಟರಿಯ ಕಬ್ಬಿಣದ ಪೆಟ್ಟಿಗೆ ಹೊತ್ತು ಹೊಲದ ಆ ತುದಿಯ ಜಾಲಿ ಗಿಡದತ್ತ ನಡೆದಿದ್ದೆವು. ಕಸ್ತೂರಿ ಒಮ್ಮೆ ತಿರುಗಿ ನೋಡಿದ್ದು ನನಗೆ ನೆನಪಿದೆ. ಈಗಷ್ಟೇ ಉಡಿ ತುಂಬಿದ ಹಿರಿಯಳಿಗೆ ಅಲ್ಲಿ ಇಡಬೇಡಿ ಎಂದು ಯಾವ ಬಾಯಿಂದ ಹೇಳಬೇಕು?

ಅರ್ಧ ಹೊಲ ಮುಗಿದಿತ್ತು. ತಾಡಪತ್ರಿಯ ಕೆಳಗಿನಿಂದ ಹೊಗೆ ಎದ್ದಿತು, ನೋಡನೋಡುತ್ತಿದ್ದಂತೆ ಬಣವೆ ಭುಗಿಲೆಂದಿತು. ಆಳುಗಳು ಕೊಡ ಹಿಡಿದು ಓಡಿದರು. ಡ್ರೋನ್ ಆಗ ಗಾಳಿಯಲ್ಲಿತ್ತು. ಕಸ್ತೂರಿ ಅದನ್ನು ಇಳಿಸಲಿಲ್ಲ, ನೇರ ಬಣವೆಯ ಮೇಲಕ್ಕೆ ಒಯ್ದು ಅದರ ತೊಟ್ಟಿಯಲ್ಲಿದ್ದಷ್ಟು ನೀರನ್ನು ಬೆಂಕಿಯ ಮೇಲೆ ಸುರಿಸಿದಳು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೂ ಸುರಿಸಿದಳು. ರಸ್ತೆಯಲ್ಲಿ ಹೋಗುತ್ತಿದ್ದವರು ಯಾರೋ ಗಾಡಿ ನಿಲ್ಲಿಸಿ ಅದೇ ಕ್ಷಣವನ್ನು ಮೊಬೈಲಿನಲ್ಲಿ ಹಿಡಿದುಕೊಂಡರು. ಕೆಳಗೆ ಬೆಂಕಿ, ಮೇಲೆ ಡ್ರೋನ್. ಬಣವೆ ಉಳಿಯಲಿಲ್ಲ. ಡ್ರೋನಿಗೂ ಬ್ಯಾಟರಿಗಳಿಗೂ ಒಂದು ಗೀರು ಬಿದ್ದಿರಲಿಲ್ಲ.

ಮರುದಿನ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕಟ್ಟು ಬಿಚ್ಚಿದೆ. ಮೊದಲ ಪುಟದಲ್ಲೇ ಇತ್ತು. 'ಡ್ರೋನ್ ಬ್ಯಾಟರಿ ಸ್ಫೋಟ: ಬಣವೆ ಭಸ್ಮ.' ಆಕಾಶದಲ್ಲಿ ಸಿಡಿದ ಬ್ಯಾಟರಿಯ ಕಿಡಿ ಕೆಳಗೆ ಬಿದ್ದಿತಂತೆ, ಮಹಿಳೆಗೆ ಹಾರಿಸುವ ಅನುಭವ ಸಾಲದಂತೆ, ಕೂಲಿಗಳು ಕೂದಲೆಳೆಯಲ್ಲಿ ಪಾರಾದರಂತೆ. ಜೊತೆಗಿದ್ದ ಚಿತ್ರದಲ್ಲಿ ನಮ್ಮ ಡ್ರೋನೇ ಇರಲಿಲ್ಲ, ಯಾವುದೋ ದೇಶದ ಸೈನ್ಯದ ರೆಕ್ಕೆಯಿದ್ದ ವಿಮಾನ ಇತ್ತು. ಕಟ್ಟು ಕಾಲಬಳಿ ಇಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತೆ. ಹಾಕದೆ ಇರಲೆ ಎಂದುಕೊಂಡೆ. ಹಾಕದಿದ್ದರೆ ಜನ ಸಂಶಿಯಿಂದ ತರಿಸುತ್ತಾರೆ, ಫೋನಿನಲ್ಲಿ ನೋಡುತ್ತಾರೆ, ಸಾಲದ್ದಕ್ಕೆ ಹೆಂಡತಿಯ ಸಲುವಾಗಿ ಯಲ್ಲಪ್ಪ ಪೇಪರ್ ಮುಚ್ಚಿಟ್ಟ ಎನ್ನುತ್ತಾರೆ. ಎದ್ದು ಸೈಕಲ್ ಹತ್ತಿದೆ. ನನ್ನ ಹೆಂಡತಿಯ ಮೇಲಿನ ಸುಳ್ಳನ್ನು ಊರಿನ ಒಂದೊಂದೇ ಹೊಸ್ತಿಲಿಗೆ ನಾನೇ ಗುರಿಯಿಟ್ಟು ಒಗೆದೆ. ಒಂದೂ ತಪ್ಪಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಟಿವಿಗೆ ಬಂತು. ಆ ವಾರ ಎಲ್ಲೋ ಒಂದು ವಿಮಾನದಲ್ಲಿ ಯಾರದೋ ಪವರ್ ಬ್ಯಾಂಕ್ ಹೊಗೆಯಾಡಿತ್ತಂತೆ. ಒಳಗಿನ ಸಿಬ್ಬಂದಿ ಅದನ್ನು ನೀರಿಗೆ ಹಾಕಿ ಆರಿಸಿದ್ದರು, ವಿಮಾನ ಸುಖವಾಗಿ ಇಳಿದಿತ್ತು, ಇಳಿದ ಜನ ಚಹಾ ಕುಡಿದು ಮನೆಗೆ ಹೋಗಿದ್ದರು. ಟಿವಿಯವರು ಮಾತ್ರ ಎಂದೋ ಎಲ್ಲೋ ಉರಿದು ಬಿದ್ದ ಬೇರೆ ವಿಮಾನದ ಚಿತ್ರ ಹಾಕಿ ಕೂಗುತ್ತಿದ್ದರು. ಅದರ ಬಾಲಕ್ಕೆ ನಮ್ಮ ಬಣವೆಯನ್ನು ಕಟ್ಟಿದರು. ವಿಮಾನದಲ್ಲೇ ನಿಷೇಧವಾದ ಬ್ಯಾಟರಿ ಹಳ್ಳಿಯ ಹೊಲಕ್ಕೆ ಹೇಗೆ ಬಂತು ಎಂದು ಸೂಟು ಹಾಕಿದವನೊಬ್ಬ ಮೇಜು ಗುದ್ದಿ ಕೇಳಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಆ ರಾತ್ರಿ ನಮ್ಮ ಊರಿನಲ್ಲಿ ಎಷ್ಟೋ ಮಂದಿ ಮೊಬೈಲುಗಳನ್ನು ತಟ್ಟೆಯಲ್ಲಿಟ್ಟು ಅಂಗಳದಲ್ಲಿ ಮಲಗಿಸಿದರು.

ನನಗೆ ಪರಿಚಯವಿದ್ದ ತಾಲೂಕಿನ ವರದಿಗಾರನಿಗೆ ಫೋನು ಮಾಡಿದೆ. ಆತ ಕೆಟ್ಟವನಲ್ಲ, ಹಬ್ಬಕ್ಕೆ ಬಂದು ನಮ್ಮ ಮನೆಯ ಹೋಳಿಗೆ ಉಂಡವನು. "ಯಲ್ಲಪ್ಪಣ್ಣ, ನಾ ಬರದ ಕಳಿಸಿದ್ದು ಬೆಂಕಿ ಹತ್ತೈತಿ, ಡ್ರೋನ್ ಬ್ಯಾಟರಿ ಕಾರಣ ಇರಬಹುದು ಅಂತ ಅಷ್ಟ. 'ಇರಬಹುದು' ಅನ್ನೂದನ್ನ ಹುಬ್ಬಳ್ಳಿ ಆಫೀಸಿನ್ಯಾಗ ತಗದಾರ. ಸ್ಫೋಟ ಅಂತ ಅವರ ಸೇರಿಸಿ ಹಾಕಿದ್ರು, ಅದನ್ನ ನೋಡಿ ಟಿವಿಯವರೂ ಹಾಕ್ಯಾರ."

"ನೀ ಹೊಲಕ್ಕ ಬಂದು ನೋಡಿದ್ಯೇನ?"

"ವಿಡಿಯೋ ನೋಡಿದ್ನಲ್ಲೋ ಅಣ್ಣ" ಎಂದ. ಆಮೇಲೆ, "ಸ್ಪಷ್ಟನೆ ಹಾಕಸೂಣು. ಹೊಲದವರ ಒಂದು ಮಾತು ಬೇಕಾಗತೈತಿ, ಬೆಂಕಿ ಬ್ಯಾಟರಿಯಿಂದ ಹತ್ತಿಲ್ಲ ಅಂತ ಅವರು ಹೇಳ್ಬೇಕು" ಎಂದ.

ಅಷ್ಟರಲ್ಲಿ ಕಸ್ತೂರಿ ತನ್ನದೇ ಒಂದು ದಾರಿ ಹಿಡಿದಿದ್ದಳು. ಬ್ಯಾಟರಿ ಸರಿಯಿದೆ ಎಂದು ಹುಬ್ಬಳ್ಳಿಯ ರಿಪೇರಿಯವರಿಂದ ಬರೆಸಿಕೊಂಡು ಬರುತ್ತೇನೆಂದು ಒಂದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರ್ ಚೀಲ ಮುಟ್ಟಿ ನೋಡಿ ಸೀಟಿ ಊದಿದ. "ಇಳೀರಿ ಅವ್ವಾರ. ವಿಮಾನದಾಗ ಬಿಡೂದಿಲ್ಲಂತ, ನಮ್ಮ ಬಸ್ಸಿನ್ಯಾಗ ಹೆಂಗ ಬಿಡ್ಲಿ?"

"ಅರ್ಧಾನೂ ಚಾರ್ಜಿಲ್ರೀ ಇದು. ತೊಡಿ ಮ್ಯಾಲ ಹಿಡಕೊಂಡ ಕುಂದರತೀನಿ, ಕಣ್ಣಮುಂದ ಇರತೈತಿ."

"ಟಿವ್ಯಾಗ ಅಷ್ಟ ಮಂದಿ ಹೇಳಿದ್ದು ಸುಳ್ಳೇನ್ರಿ ಹಂಗಾದ್ರ?" ಎಂದ ಆತ. ಹಿಂದಿನ ಸೀಟಿನ ಹೆಂಗಸು ಮಗುವನ್ನು ಎತ್ತಿಕೊಂಡು ಇಳಿಯಲು ಎದ್ದಳಂತೆ. ಆ ಮಗುವಿನ ಮುಖ ನೋಡಿ ಕಸ್ತೂರಿಯೇ ಇಳಿದು ಬಂದಳು.

ಉಳಿದದ್ದು ಗೌಡರ ಮನೆ. ಸಂಜೆ ಇಬ್ಬರೂ ಹೋದೆವು. ಗೌಡರು ಸಿಟ್ಟು ಮಾಡಲಿಲ್ಲ, ಬರ್ರಿ ಎಂದು ಪಡಸಾಲೆಯಲ್ಲಿ ಕೂರಿಸಿದರು. ಮೂಲೆಯಲ್ಲಿ ಗೋಡೆಗೆ ಆತು ನೀಲವ್ವ ಕೂತಿದ್ದಳು. ಎರಡೇ ದಿನದಲ್ಲಿ ಮುದುಕಿ ಕುಗ್ಗಿ ಇಷ್ಟೇ ಇಷ್ಟಾಗಿದ್ದಳು. ಒಳಗಿನ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಆಕೆಯೂ ಆ ದಿನ ಹೊಲದಲ್ಲಿದ್ದವಳು, ಅತ್ತೆಯ ಕಡೆ ನೋಡುವ ನೋಟದಲ್ಲಿ ಏನೋ ಇತ್ತು. ನಾನು ಮಾತು ತೆಗೆಯುವ ಮೊದಲೇ ನೀಲವ್ವ ಕಸ್ತೂರಿಯ ಕೈ ಹಿಡಿದಳು.

"ಎವ್ವಾ ಮಗಳ, ಖರೆ ಹೇಳು. ನನ್ನ ಊದಿನಕಡ್ಡಿಯಿಂದ ಹತ್ತಿಲ್ಲ ಹೌದಲ್ಲೊ? ದನಾ ವರ್ಷಾನಗಟ್ಟಲೆ ತಿನ್ನೂ ಮೇವು, ನನ್ನ ಕೈಲೆ ಸುಟ್ಟಿಲ್ಲ ಹೌದಲ್ಲೊ?"

ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. ನಾನು ಕಸ್ತೂರಿಯ ಮುಖ ನೋಡಿದೆ, ಹೇಳು, ಹೇಳಿಬಿಡು ಎಂದು ಮನಸ್ಸಿನಲ್ಲೇ ಕೂಗಿದೆ.

"ಇಲ್ರೀ ಅವ್ವಾರ" ಎಂದಳು ಕಸ್ತೂರಿ. "ನಿಮ್ಮ ಕಡ್ಡಿ ಆವಾಗಲೇ ಆರಿದ್ವು. ನಂದೇ ಬ್ಯಾಟರಿ, ಅದು."

ದಾರಿಯಲ್ಲಿ ನಾನು ಜಗಳ ತೆಗೆದೆ. ನಿನಗೆ ಬುದ್ಧಿ ಇದೆಯೋ ಇಲ್ಲವೋ, ನಿನ್ನ ಬಾಯಿಂದಲೇ ಪೇಪರನ್ನು ಖರೆ ಮಾಡಿ ಬಂದೆಯಲ್ಲ ಎಂದು ಬೈದೆ. ರೈಲ್ವೆ ಗೇಟಿನ ಹತ್ತಿರ ಬಂದಾಗ ಆಕೆ ಹೇಳಿದಳು: "ಆ ಸೊಸಿ ಕಣ್ಣ ನೋಡಿದ್ರೇನು? ನಾ ಹೌದಂದಿದ್ರ ಆ ಮುದುಕಿ ಇನ್ನ ಉಳಿದಷ್ಟ ದಿನಾ ಆ ಮನ್ಯಾಗ ಹೆಂಗ ತುತ್ತು ಎತ್ತಬೇಕ್ರಿ? ನಂದು ಕೆಲಸ ಹೋಗಬಹುದು. ಆಕಿದು ಮನೀನ ಹೋಗತೈತಿ."

ಆದರೂ ನಾನು ಹುಬ್ಬಳ್ಳಿಗೆ ಹೋದೆ. ಪೇಪರಿನ ಆಫೀಸಿನಲ್ಲಿ ಒಬ್ಬರು ಕನ್ನಡಕದವರು ಸಮಾಧಾನದಿಂದ ಎಲ್ಲ ಕೇಳಿದರು. ಬ್ಯಾಟರಿಗಳು ಸುಟ್ಟಿಲ್ಲ, ಬೇಕಾದರೆ ಬಂದು ನೋಡಿ, ಡ್ರೋನ್ ಹಾರಿದ್ದು ಬೆಂಕಿ ಆರಿಸಲು ಎಂದೆ. ಅವರು ತಲೆದೂಗಿದರು. "ಸರಿ. ಹಂಗಾದ್ರ ಬೆಂಕಿ ಯಾವುದರಿಂದ ಹತ್ತಿತು? ಅದನ್ನು ಹೇಳ್ರಿ, ನಾಳೆನ ಹಾಕ್ತೀನಿ." ಗೋಡೆಯ ಮೇಲಿನ ಫ್ಯಾನ್ ಆ ಕಡೆ ಈ ಕಡೆ ತಿರುಗುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಅವರು ಪೆನ್ನಿನ ಮುಚ್ಚಳ ಹಾಕಿ, "ಗೊತ್ತಾದ ಮ್ಯಾಲ ಬರ್ರಿ" ಎಂದರು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಬಸ್ಸು ಹತ್ತಿದೆ.

ಫೋನುಗಳು ನಿಂತವು. ಹೆಸರು ಹೂವಿನಿಂದ ಕಾಯಿಗೆ ಬಂತು, ಹುಳ ತಿಂದದ್ದು ತಿಂದಿತು, ಯಾರೂ ಡ್ರೋನ್ ಕೇಳಲಿಲ್ಲ. ನೀಲವ್ವ ಮಾತ್ರ ಸಿಕ್ಕಸಿಕ್ಕವರಿಗೆಲ್ಲ ನಮ್ಮ ಪರ ವಾದ ಮಾಡುತ್ತಿದ್ದಳಂತೆ. "ಹುಡುಗಿ ಬಂಗಾರದಂಥಾಕಿ. ಪಾಪ, ಆಕಿ ಬ್ಯಾಟರಿ ಕೆಟ್ಟಿತ್ತು. ನನಗ ಆಕಿನ ಹೇಳ್ಯಾಳ." ಅಂಥ ಸಾಕ್ಷಿ ಇರುವಾಗ ಟಿವಿಯೇಕೆ ಬೇಕು?

ಸಂಘದ ಅಧ್ಯಕ್ಷೆ ಶಿವಲೀಲಕ್ಕ ಡ್ರೋನನ್ನೂ ಬ್ಯಾಟರಿಗಳನ್ನೂ ತಗಡಿನ ಛಾವಣಿಯ ಹಳೆಯ ಕೋಣೆಯಲ್ಲಿಟ್ಟು ಬೀಗ ಜಡಿಸಿದಳು. ಅವುಗಳಿಗೆ ಆಗಾಗ ಅರ್ಧ ಹೊಟ್ಟೆ ಮೇವು ಹಾಕಬೇಕು, ಬೀಗ ತೆಗೆಯಿರಿ ಎಂದು ಕಸ್ತೂರಿ ಆಕೆಯ ಮನೆಗೆ ಅಲೆದದ್ದಕ್ಕೆ ಲೆಕ್ಕವಿಲ್ಲ. "ನೀ ಕರೆಂಟ್ ಹಚ್ಚತಿ, ಊರಾಗ ಮತ್ತೇನರೆ ಆದ್ರ ಯಾರು ಜವಾಬ್ದಾರಿ? ಮುಟ್ಟದ ಇದ್ರ ಏನೂ ಆಗೂದಿಲ್ಲ ಬಿಡು" ಎನ್ನುತ್ತಿದ್ದಳು ಶಿವಲೀಲಕ್ಕ. ಮುಟ್ಟದೆ ಇದ್ದರೇ ಆಗುತ್ತದೆ ಎಂದು ಕಸ್ತೂರಿ ಎಷ್ಟು ಹೇಳಿದರೂ ಯಾರ ತಲೆಗೂ ಇಳಿಯಲಿಲ್ಲ. ಚಳಿ ಹೋಗಿ ಬಿಸಿಲು ಬಂತು. ಮಧ್ಯಾಹ್ನ ತಗಡು ಕಾದು ಟಣ್ ಎನ್ನುವಾಗ ಕಸ್ತೂರಿ ಒಲೆಯ ಮುಂದೆ ಕೂತಲ್ಲೇ ತಲೆಯೆತ್ತಿ ಆ ಕೋಣೆಯ ದಿಕ್ಕಿಗೆ ನೋಡುತ್ತಿದ್ದಳು.

ಮುಂದಿನ ಮುಂಗಾರಿಗೆ ಮೊದಲು ಕೋಣೆ ತೆರೆದರು. ಬಾಗಿಲು ಸರಿದದ್ದೇ ಉಗುರುಬಣ್ಣದಂಥ ಆ ಸಿಹಿ ಘಾಟು ಹೊರಗೆ ನುಗ್ಗಿತು. ಬ್ಯಾಟರಿಗಳು ಉಬ್ಬಿ, ಹೊಲಿಗೆ ಬಿಚ್ಚಿದ ದಿಂಬುಗಳಂತೆ ಬಿದ್ದಿದ್ದವು. ಈಗ ಅವು ನಿಜವಾಗಿಯೂ ಅಂಜಬೇಕಾದಂಥವಾಗಿದ್ದವು. ಹೆಂಗಸರೆಲ್ಲ ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದರು. "ನೋಡಿದ್ಯೇನ ಕಸ್ತೂರಿ" ಎಂದಳು ಶಿವಲೀಲಕ್ಕ, ಕುಹಕದಿಂದಲ್ಲ, ನಿಜವಾದ ಮರುಕದಿಂದ, "ಪೇಪರಿನ್ಯಾಗ ಬಂದಿದ್ದು ಸುಳ್ಳಾಗಿರಲಿಲ್ಲ ನೋಡವ್ವ." ಕಸ್ತೂರಿ ಒಂದೊಂದನ್ನೇ ಎಳೆಗೂಸಿನಂತೆ ಎತ್ತಿ, ಉಳಿದ ಚಾರ್ಜು ಇಳಿದು ತಣ್ಣಗಾಗಲೆಂದು ಉಪ್ಪುನೀರಿನ ಬಕೆಟ್ಟುಗಳಲ್ಲಿ ಇಳಿಸಿದಳು. ಗುಳುಗುಳು ಎಂದು ಗುಳ್ಳೆ ಬರುವುದನ್ನು ಅರ್ಧ ಊರು ದೂರ ನಿಂತು ನೋಡಿತು. ನನಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಸಿಟ್ಟಾಗಬೇಕು ಎಂಬುದೇ ತಿಳಿಯಲಿಲ್ಲ.

ಈಗ ಕಸ್ತೂರಿ ಬೆನ್ನಿಗೆ ಪಂಪು ಹೊತ್ತು ಔಷಧ ಹೊಡೆಯಲು ಹೋಗುತ್ತಾಳೆ. ಅದೂ ಬ್ಯಾಟರಿಯದೇ, ಅದರೊಳಗಿರುವುದೂ ಅದೇ ಜಾತಿಯದು, ಸಣ್ಣದು ಅಷ್ಟೆ. ಅದು ಪೇಪರಿನಲ್ಲಿ ಬಂದಿಲ್ಲವಾದ್ದರಿಂದ ಯಾರಿಗೂ ಹೆದರಿಕೆಯಿಲ್ಲ. 'ಏ ಕಸ್ತೂರಿ' ಎನ್ನುವುದು ಮತ್ತೆ ಶುರುವಾಗಿದೆ.

ಈ ಸಲ ಹೆಸರು ಹೂವಿಗೆ ಬಂದಾಗ ಗೌಡರ ಹೊಲಕ್ಕೂ ಕರೆದರು. ನಾನೂ ಜೊತೆಗೆ ಹೋದೆ. ನೀಲವ್ವನಿಗೆ ಈಗ ಕಣ್ಣು ಪೂರಾ ಮಂದ, ಆದರೂ ಟ್ರ್ಯಾಕ್ಟರ್ ಹತ್ತಿ ಬಂದಿದ್ದಳು. ಪಂಪು ಹೊಸದೆಂದು ಕೇಳಿ ತಡವಿ ತಡವಿ ಕುಂಕುಮ ಹಚ್ಚಿದಳು. "ಇದು ಚಲೋ ಐತಿ ನೋಡವ್ವ. ಇದರಾಗ ಬೆಂಕಿ ಅಂಜಿಕಿ ಇಲ್ಲ" ಎಂದಳು. ಊದಿನಕಡ್ಡಿ ಹಚ್ಚಿ, ಕೆಸರಿನಲ್ಲಿ ನಿಂತು, ಸಿಗಿಸಲು ಜಾಗಕ್ಕಾಗಿ ಕೈ ಚಾಚಿದಳು. ಬಾಜುವಿನಲ್ಲಿ ಹೊಸ ಬಣವೆ, ಹೊಸ ತಾಡಪತ್ರಿ.

ಕಸ್ತೂರಿ ಮುಂದೆ ಹೋಗಿ, "ಇತ್ತ ಕೊಡ್ರಿ ಅವ್ವಾರ" ಎಂದು ಕಡ್ಡಿಗಳನ್ನು ತೆಗೆದುಕೊಂಡಳು. ಎಲ್ಲೂ ಚುಚ್ಚಲಿಲ್ಲ. ಬೆನ್ನ ಮೇಲೆ ಭಾರದ ಪಂಪು ಹೊತ್ತುಕೊಂಡೇ, ಗಾಳಿಗೆ ಇನ್ನೊಂದು ಅಂಗೈ ಅಡ್ಡ ಹಿಡಿದು ನಿಂತಳು. ಬೂದಿ ಬೆರಳ ಮೇಲೆ ಉದುರುತ್ತಿತ್ತು.

"ಯಾಕವ್ವಾ, ಕೈಯಾಗ ಹಿಡಕೊಂಡಿಯೇನು?" ಎಂದಳು ಮುದುಕಿ, ವಾಸನೆಯ ದಿಕ್ಕಿಗೆ ಮುಖ ತಿರುಗಿಸಿ.

"ಇರ್ಲಿ ಬಿಡ್ರಿ ಅವ್ವಾರ. ಕೈಯಾಗಿದ್ರ ಕಣ್ಣಿಗಿ ಕಾಣತೈತಿ."

ಕೊನೆಯ ಕಡ್ಡಿ ಬೆರಳಿಗೆ ಮುಟ್ಟುವವರೆಗೂ ಆಕೆ ಹಾಗೇ ನಿಂತಿದ್ದಳು. ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ.